ಕೊರಿಯಾದ ಭಾವನವರು

ನಮ್ಮ ಮನೆಯವರಿಗೆ ಕೊರಿಯಾ ದೇಶದಲ್ಲಿ ಒಬ್ಬ ಅಣ್ಣನಿದ್ದಾನೆ. ಈ ಸಂಗತಿ ಪುಣೆ ಹತ್ತಿರದ ನಿಗಡಿಯ ನಮ್ಮ ಸೊಸೈಟಿಗೆಲ್ಲ ಗೊತ್ತು. ಗೊತ್ತಿಲ್ಲದಿರುವುದು ಆ ಅಣ್ಣನೊಬ್ಬನಿಗೇ!

ಗಂಡನಿಗೆ ಅಣ್ಣ ಎಂದ ಮೇಲೆ ನನಗೆ ಭಾವನಾಗಲೇಬೇಕಲ್ಲ? ಮದುವೆ ಗೊತ್ತಾದಾಗ ಹುಡುಗ ಒಬ್ಬನೇ ಮಗ, ಮಗಳಿಗೆ ಭಾವ-ಮೈದುನರ ಕಾಟವಿಲ್ಲ ಎಂದು ನನ್ನ ಅವ್ವ ಧಾರವಾಡದಿಂದ ಬಾದಾಮಿಗೆ ಹೋಗಿ ಬನಶಂಕರಿಗೆ ಉಡಿ ತುಂಬಿ ಬಂದಿದ್ದಳು. ಪಾಪ, ಸಮುದ್ರದಾಚೆ ಒಬ್ಬರು ಕುಕ್ಕರಗಾಲಲ್ಲಿ ಕಾದು ಕೂತಿದ್ದಾರೆಂದು ಅವಳಿಗೇನು ಗೊತ್ತು! ಗಂಡನ ಹೆಸರು ಹೇಳುವ ರೂಢಿಯೇ ನಮ್ಮಲ್ಲಿಲ್ಲ, ಇನ್ನು ಭಾವನ ಹೆಸರು ಹೇಳುವುದುಂಟೆ? ಹೇಳುತ್ತೇನೆಂದರೂ ಆ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ. ಹೀಗಾಗಿ ರೂಢಿಯೂ ಉಳಿಯಿತು, ನಾಲಿಗೆಯೂ ಉಳಿಯಿತು. ದೇವರು ದೊಡ್ಡವನು.

ಭಾವನವರದು ಬೇಸ್‌ಬಾಲ್ ಆಟ. ಮೊದಲು ಕ್ಯಾಚರ್, ಆಮೇಲೆ ಮ್ಯಾನೇಜರ್. ಕ್ಯಾಚರ್ ಎಂದರೆ ಕ್ರಿಕೆಟ್ಟಿನ ವಿಕೆಟ್ ಕೀಪರ್ ಇದ್ದಂತೆ ಎಂದುಕೊಳ್ಳಿ. ಆದರೆ ಮುಖಕ್ಕೆ ಪಂಜರ, ಎದೆಗೆ ಕವಚ, ಕಾಲಿಗೆ ಗಟ್ಟಿ ಪಟ್ಟಿ ಬಿಗಿದುಕೊಂಡು ಮೂರು ತಾಸು ಕುಕ್ಕರಗಾಲಲ್ಲಿ ಕೂತು ಏಳಬೇಕು, ಕೂತು ಏಳಬೇಕು. ಮ್ಯಾನೇಜರ್ ಎಂದರೆ ಬ್ಯಾಂಕಿನ ಮ್ಯಾನೇಜರ್ ಅಲ್ಲ, ಟೀಮು ನಡೆಸುವ ಗುರು. ನಮ್ಮ ಮನೆಯವರೂ ಕ್ಯಾಚರ್ರೇ. ದೇಹೂ ರೋಡಿನ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಆಟದ ಕೋಟಾದ ಮೇಲೆ ನೌಕರಿ ಸಿಕ್ಕಿತ್ತು. ನನ್ನನ್ನು ನೋಡಲು ಬಂದಾಗ ನನ್ನ ಅಪ್ಪ ಹುಡುಗನ ಸೋದರಮಾವನನ್ನು ವಿಚಾರಿಸಿದ್ದು ಒಳಗೆ ನನಗೂ ಕೇಳಿಸುತ್ತಿತ್ತು.

"ಹುಡುಗ ಏನ ಆಡ್ತಾನಂದ್ರಿ?"

"ಕ್ಯಾಚರ್ ಇದ್ದಾನ್ರಿ."

"ಅಂದ್ರ ಏನ ಮಾಡೂದು?"

"ಕೂತು ಚೆಂಡ ಹಿಡಿಯೂದ್ರಿ."

"ಕೂತು?"

"ಹೌದ್ರಿ, ಕೂತು."

"ಅದಕ್ಕ ಸರಕಾರ ಪಗಾರ ಕೊಡ್ತದ?"

"ಪೆನ್ಶನ್ನೂ ಅದ ರೀ."

ಅಪ್ಪ ಒಳಗೆ ಬಂದವರೇ, "ಒಪ್ಪಿಬಿಡವಾ ಮಗಳ, ಕೂತಲ್ಲೆ ಪಗಾರ ತರೋ ಹುಡುಗ ದೀಪಾ ಹಚ್ಚಿ ಹುಡುಕಿದ್ರೂ ಸಿಗೂದಿಲ್ಲ" ಎಂದರು. ಕೂತಿದ್ದಕ್ಕೆ ಎಷ್ಟು ಕೊಡುತ್ತಾರೆಂದು ಎಲ್ಲರೂ ಕೇಳಿದರು. ಕೂತರೆ ಏನು ಸವೆಯುತ್ತದೆ ಎಂದು ಯಾರೂ ಕೇಳಲಿಲ್ಲ.

ಇನ್ನು ಅಣ್ಣ-ತಮ್ಮಂದಿರಾದ ಕಥೆ. ನಮ್ಮ ಮದುವೆಗೆ ಮೊದಲು ಏಷ್ಯಾದ ದೇಶಗಳ ಒಂದು ಪಂದ್ಯಾವಳಿಗೆ ಇವರು ಭಾರತದ ಟೀಮಿನಲ್ಲಿ ಹೋಗಿದ್ದರು. ಕೊರಿಯಾದ ಮೇಲೆ ಆಟ. ಆಟ ಎಲ್ಲಿಯದು, ಧೋಬಿ ಬಟ್ಟೆ ಒಗೆದಂತೆ ಒಗೆದರಂತೆ! ಬೇಸ್‌ಬಾಲಿನಲ್ಲಿ ಒಂದು ನಿಯಮವಿದೆ. ಒಂದು ಟೀಮು ತೀರ ಹಿಂದೆ ಬಿದ್ದರೆ, ಇವರನ್ನು ಇನ್ನೂ ಹೊಡೆಯುವುದು ಬೇಡವೆಂದು ಕನಿಕರಪಟ್ಟು ಆಟವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಅದರ ಹೆಸರೇ ದಯೆಯ ನಿಯಮ. ಯಾವ ಧರ್ಮಾತ್ಮ ಮಾಡಿದನೋ! ಸಂಸಾರಕ್ಕೂ ಇಂಥದ್ದೊಂದು ನಿಯಮವಿದ್ದಿದ್ದರೆ ಎಷ್ಟು ಮಂದಿ ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಮನೆಗೆ ಹೋಗಿರುತ್ತಿದ್ದೆವು?

ದಯೆ ಬರುವುದಕ್ಕೆ ಮುಂಚೆಯೇ ಒಂದು ಚೆಂಡು ಇವರ ಮೊಣಕಾಲಿಗೆ ಬಡಿಯಿತು. ಆಗ ಕೊರಿಯಾದ ಕ್ಯಾಚರ್, ಇವರ ವಯಸ್ಸಿನ ಹುಡುಗ, ತನ್ನ ಜಾಗದಿಂದ ಎದ್ದು ಬಂದ. ಇವರ ಕಾಲಿನ ಪಟ್ಟಿ ಬಿಚ್ಚಿ ಸರಿಯಾಗಿ ಕಟ್ಟಿದ. ತಾನೂ ಪಕ್ಕದಲ್ಲಿ ಕೂತು ಹಿಮ್ಮಡಿ ಹೀಗಿಡಬೇಕು, ಮೊಣಕಾಲು ಹೀಗೆ ಬಿಡಬೇಕು ಎಂದು ತೋರಿಸಿದ. ಮಾತಿಲ್ಲ ಕಥೆಯಿಲ್ಲ. ಬೆನ್ನು ತಟ್ಟಿ ಹೋದ. ಇಷ್ಟೇ ಪರಿಚಯ! ಇಷ್ಟಕ್ಕೇ ಅಣ್ಣ! ನನ್ನ ಸ್ವಂತ ತಮ್ಮ ಇವರ ಸ್ಕೂಟರನ್ನು ವರ್ಷಗಟ್ಟಲೆ ಒರೆಸಿದ, ಅವನನ್ನು ಇವರು ಇವತ್ತಿಗೂ "ನಿಮ್ಮ ಮನಿ ಹುಡುಗ" ಎನ್ನುತ್ತಾರೆ.

ಒಮ್ಮೆ ಕೇಳಿಯೇ ಬಿಟ್ಟೆ. "ನಿಮ್ಮ ಅಣ್ಣ ಅಷ್ಟ ಚಲೋ ಕೂಡ್ಲಿಕ್ಕೆ ಕಲಿಸಿದ್ರ, ನಿಮ್ಮ ಮೊಣಕಾಲ ಯಾಕ ಹೋದ್ವು?"

"ಅಣ್ಣಾ ಕಲಿಸಿದ್ದಕ್ಕ ಇಷ್ಟ ವರ್ಷ ಬಂದ್ವು. ನಿಮ್ಮಪ್ಪ ಕಲಿಸಿದ್ರ ಮದವಿ ಮಂಟಪದಾಗ ಹೋಗ್ತಿದ್ವು."

ಆಮೇಲೆ ಭಾವನವರ ಚರಿತ್ರೆ ನಮ್ಮ ಮನೆಯಲ್ಲಿ ಪುರಾಣದಂತೆ ನಡೆಯಿತು. ಚಾಕಣದ ಕಾರ್ಖಾನೆಗಳಿಗೆ ಕೊರಿಯಾದ ಎಂಜಿನಿಯರುಗಳು ಬಂದು ಇಳಿದ ಮೇಲಂತೂ ಇವರು ಭಾನುವಾರ ಸ್ಕೂಟರ್ ಹತ್ತಿ ಹೋಗಿ, ಅವರ ಹಳೆಯ ಪೇಪರುಗಳಿಂದ ಭಾವನವರ ಸುದ್ದಿ ಓದಿಸಿಕೊಂಡು ಬರುತ್ತಿದ್ದರು. ಓದಿದ್ದಕ್ಕೆ ದಕ್ಷಿಣೆ ನಾನು ಮಾಡಿದ ಬೇಸನ್ ಉಂಡೆ. ಭಾವನವರು ಮೊದಲು ಬಹಳ ದಿನ ಬೇರೊಬ್ಬ ಕ್ಯಾಚರ್‌ನ ಹಿಂದೆ ಬೆಂಚಿನ ಮೇಲೆಯೇ ಕೂತರು. ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಹಬ್ಬವೆಂದರೂ ಒಂದು ಸೂತಕದ ಕಳೆ. ಕೊನೆಗೆ ಅವರಿಗೆ ಜಾಗ ಸಿಕ್ಕ ವಾರವೇ ನಮಗೆ ಮಗಳು ಹುಟ್ಟಿದಳು. ಇವರು ಆಸ್ಪತ್ರೆಯ ತುಂಬ ಪೇಢೆ ಹಂಚಿದರು. ಆ ಪೇಢೆ ಯಾವುದಕ್ಕೆಂದು ನಾನು ಕೇಳಲಿಲ್ಲ. ಕೇಳದಿದ್ದರೆ ಅರ್ಧವಾದರೂ ಮಗಳ ಪಾಲಿಗೆ ಉಳಿಯುತ್ತದಲ್ಲ!

ಭಾವನವರ ಬೆರಳು ಮುರಿಯಿತು, ನಮ್ಮಲ್ಲಿ ಮೃತ್ಯುಂಜಯ ಜಪ. ಅವರ ಟೀಮು ಕಪ್ ಗೆದ್ದಿತು, ಸತ್ಯನಾರಾಯಣ ಪೂಜೆ. ಪೂಜೆಗೆ ಬಂದ ಆಚಾರ್ಯರು ಸಂಕಲ್ಪಕ್ಕೆ ಯಜಮಾನನ ಗೋತ್ರ ಕೇಳಿದರು. ಇವರು ನಮ್ಮದನ್ನು ಹೇಳಿ, "ಇನ್ನೊಬ್ಬರದೂ ಹೇಳ್ಬೇಕಿತ್ರಿ, ಅವರ ಗೋತ್ರ ಗೊತ್ತಿಲ್ಲ" ಎಂದರು. ಭಾವನವರು ಆಟ ಬಿಟ್ಟ ದಿನ ಇವರು ಅತ್ತರು. ಅವರು ಎಳೆಯ ಕ್ಯಾಚರ್‌ಗಳಿಗೆ ಕಲಿಸುವ ಮಾಸ್ತರರಾದರು, ಟೀವಿಯಲ್ಲಿ ಕೂತು ಆಟದ ಮಾತು ಹೇಳುವವರಾದರು. ಇವರು ಒಂದು ಅಕ್ಷರ ತಿಳಿಯದಿದ್ದರೂ ಫೋನಿನಲ್ಲಿ ಅದನ್ನು ಹರಿಕಥೆ ಕೇಳುವಂತೆ ಕೇಳಿ ನಡುನಡುವೆ "ಬರೋಬರಿ, ಬರೋಬರಿ" ಎನ್ನುತ್ತಿದ್ದರು.

ಇವರ ಕ್ಯಾಚರ್‌ತನ ಮೈದಾನದಲ್ಲಿ ಮುಗಿದರೂ ಮನೆಯಲ್ಲಿ ಮುಗಿಯಲಿಲ್ಲ. ಚೆಂಡು ಹಿಡಿಯುವ ಅವರ ದಪ್ಪ ತೊಗಲಿನ ಗ್ಲೌಸು ಒಣಗಬಾರದು, ಎಣ್ಣೆ ತಿಕ್ಕುತ್ತಿರಬೇಕು. ದೇವರ ದೀಪದ ಎಣ್ಣೆ ಯಾಕೆ ಇಷ್ಟು ಬೇಗ ಖಾಲಿಯಾಗುತ್ತದೆಂದು ನಾನು ಬಹಳ ದಿನ ಇಲಿಯ ಮೇಲೆ ಸಂಶಯಪಟ್ಟೆ. ಒಂದು ದಿನ ನೋಡಿದರೆ ಮಡಿಯ ಎಣ್ಣೆಯ ಗಿಂಡಿ ಒಂದು ಕೈಯಲ್ಲಿ, ತೊಗಲು ಇನ್ನೊಂದು ಕೈಯಲ್ಲಿ! ದೇವರ ಮುಂದೆ ಅಮಾವಾಸ್ಯೆ, ಗ್ಲೌಸಿಗೆ ದೀಪಾವಳಿ! ಅತ್ತೆಯವರು ಆಗಿನ್ನೂ ಇದ್ದರು. ಅವರು ನೋಡಲಿಲ್ಲವಲ್ಲ, ಅದೊಂದು ಪುಣ್ಯ.

ಇನ್ನು ಬೆರಳಿನ ಸನ್ನೆ. ಕ್ಯಾಚರ್ ತನ್ನ ತೊಡೆಯ ನಡುವೆ ಗುಟ್ಟಾಗಿ ಬೆರಳು ತೋರಿಸಿ, ಎಂಥ ಚೆಂಡು ಹಾಕಬೇಕೆಂದು ಎಸೆಯುವವನಿಗೆ ಹೇಳುತ್ತಾನೆ. ನಮ್ಮ ಮನೆಗೆ ಯಾರಾದರೂ ಬಂದರೆ ಇವರು ಕುರ್ಚಿಯಲ್ಲಿ ಕೂತು ಮೊಣಕಾಲ ಕೆಳಗೆ ಬೆರಳು ಆಡಿಸುತ್ತಿದ್ದರು. ಒಂದು ಬೆರಳು, ಚಹಾ. ಎರಡು, ಚಹಾದ ಜೊತೆ ಚೂಡಾ. ಬಿಗಿಮುಷ್ಟಿ, ಏನೂ ತರಬೇಡ, ಇವನು ಏಳುವುದಿಲ್ಲ. ಒಮ್ಮೆ ವಿಮೆಯವನೊಬ್ಬ ಬಂದಿದ್ದ. ಐದೂ ಬೆರಳು ಕಂಡವು. ಐದರ ಅರ್ಥ ನನಗೆ ಹೇಳಿಯೇ ಇರಲಿಲ್ಲ. ಏನೋ ದೊಡ್ಡದೇ ಇರಬೇಕೆಂದು ಎಣ್ಣೆಗಾಯಿ, ಭಕ್ರಿ, ಕರಿಗಡಬು ಎಲ್ಲ ಬಡಿಸಿ ಕಳಿಸಿದೆ. ಅವನು ಹೋದ ಮೇಲೆ ಕೇಳಿದರೆ, "ಕಾಲ ಜೋಮ ಹಿಡಿದಿತ್ತು, ತಿಕ್ಕೋತಿದ್ದೆ!" ಎಂದರು. ವಿಮೆಯವನು ಮುಂದಿನ ವಾರ ಹೆಂಡತಿಯನ್ನೂ ಕರೆದುಕೊಂಡು ಬಂದ.

ನಗುತ್ತಿದ್ದೇನೆ. ಆದರೆ ಆ ಜೋಮು ಜೋಮಾಗಿ ಉಳಿಯಲಿಲ್ಲ. ನಿವೃತ್ತಿಯ ಹೊತ್ತಿಗೆ ಎರಡೂ ಮೊಣಕಾಲುಗಳು ಮುಗಿದಿದ್ದವು. ಮೊದಲು ಮೆಟ್ಟಿಲು ಬಿಟ್ಟರು. ಆಮೇಲೆ ಸಂಜೆಯ ತಿರುಗಾಟ. ಆಮೇಲೆ ದೇವರ ಮುಂದೆ ನೆಲಕ್ಕೆ ಕೂತು ಮಾಡುವ ಸಂಧ್ಯಾವಂದನೆ ಕುರ್ಚಿಗೆ ಬಂತು. ಬೆಳಿಗ್ಗೆ ಮಂಚದಿಂದ ಏಳುವಾಗ ಅವರು ಬಾಯಿ ಮುಚ್ಚಿಕೊಂಡು ಮಾಡುವ ಸದ್ದು ಅಡಿಗೆಮನೆಯಲ್ಲಿದ್ದ ನನಗೆ ಕೇಳಿಸುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಮಿಕ್ಸರ್ ಹಾಕುತ್ತಿದ್ದೆ. ಅರೆಯಲು ಏನೂ ಇಲ್ಲದಿದ್ದರೂ ಹಾಕುತ್ತಿದ್ದೆ.

ಡಾಕ್ಟರ್ ನೋಡಿ, ಎರಡೂ ಮೊಣಕಾಲು ಬದಲಿಸಬೇಕು, ತಡ ಮಾಡಿದರೆ ಮುಂದೆ ಮಂಚವೇ ಗತಿ ಎಂದರು. ಆಗ ನವರಾತ್ರಿ, ಮನೆಯಲ್ಲಿ ಅಖಂಡ ದೀಪ. ನಾನು ದೀಪಕ್ಕೆ ಎಣ್ಣೆ ಹಾಕುತ್ತ, "ಹ್ಞೂಂ ಅನ್ರಿ, ನಿಮಗ ಕೈ ಮುಗೀತೀನಿ" ಎಂದು ಅಂಗಲಾಚಿದೆ. ಅದೇ ವಾರ ಭಾವನವರು ಒಂದು ಟೀಮಿಗೆ ಮ್ಯಾನೇಜರ್ ಆಗಿದ್ದರು. ಇವರು ಗೋಡೆ ಹಿಡಿದು ಬಂದು ದೇವರ ಮುಂದೆ ನಿಂತು, ಗಟ್ಟಿಯಾಗಿ ಹೇಳಿಯೇ ಬಿಟ್ಟರು.

"ಅಣ್ಣಾನ ಟೀಮು ಕಪ್ ಗೆದ್ದ ಮರುದಿವಸ ಆಪರೇಶನ್ ಮಾಡಿಸ್ಕೋತೀನಿ. ಅಲ್ಲೀತನಕ ಇಲ್ಲ. ತಾಯಿ ಬನಶಂಕರಿ ಆಣಿ."

ಅವರ ಬಾಯಿಂದ ಮಾತು ಹೊರಬೀಳುವುದಕ್ಕೂ ತಾಯಿಯ ಬಲಗಡೆಯಿಂದ ಒಂದು ಸೇವಂತಿಗೆ ಜಾರಿ ಕೆಳಗೆ ಬೀಳುವುದಕ್ಕೂ ಸರಿಹೋಯಿತು! ಬಲಗಡೆಯ ಹೂ ಎಂದರೆ ದೇವಿ ಒಪ್ಪಿದಳೆಂದೇ ಅರ್ಥ. ನನಗಾದ ಸಂತೋಷ ಹೇಳಲಾರೆ. ಭಾವನವರ ಟೀಮು ಎಂದರೆ ಸಾಮಾನ್ಯವೇ? ಇಷ್ಟು ವರ್ಷದ ಪುರಾಣದಲ್ಲಿ ಅವರು ಸೋತ ಅಧ್ಯಾಯವನ್ನು ಇವರು ನನಗೆ ಹೇಳಿಯೇ ಇರಲಿಲ್ಲ. ಆ ಹೂವನ್ನು ಇವರ ಜೇಬಿಗಿಟ್ಟು, ಹಾಲು-ತುಪ್ಪ ನೈವೇದ್ಯ ಮಾಡಿ, ಬಾರಾಮತಿಯಲ್ಲಿರುವ ಮಗಳಿಗೆ ಫೋನು ಮಾಡಿದೆ. ಅಳಿಯ ಅಲ್ಲಿ ಸಕ್ಕರೆ ಕಾರ್ಖಾನೆಯಲ್ಲಿದ್ದಾನೆ. ಮಗಳು ಫೋನಿನಲ್ಲೇ ಹುಡುಕಿ ನೋಡಿದಳು.

"ಅವ್ವಾ, ಆ ಟೀಮು ಹತ್ತರಾಗ ಹತ್ತನೇದು ಅದ."

"ಹತ್ತಕ್ಕ ಹತ್ತಾ? ಪೂರಾ ಮಾರ್ಕ್ಸು!"

"ಅವ್ವಾ! ಹತ್ತ ಟೀಮಿನೊಳಗ ಕಡೀದ್ದು. ಹೋದ ವರ್ಷಾನೂ ಕಡೀದ್ದು. ಅದರ ಹಿಂದಿನ ವರ್ಷಾನೂ."

ನಾನು ನೆಲಕ್ಕೆ ಕೂತೆ.

"ಬಿಡವಾ ಅವ್ವಾ, ಬನಶಂಕರಿ ಏನ ಬೇಸ್‌ಬಾಲ್ ನೋಡ್ತಾಳೇನ? ಅಪ್ಪಗ ಹೇಳು, ಸುಮ್ನ ಆಸ್ಪತ್ರಿಗೆ ಹೊಂಡು ಅಂತ."

ಹೇಗೆ ಹೇಳುವುದು? ಆಣೆ ಇಟ್ಟಾಗಿದೆ, ಹೂ ಬಿದ್ದಾಗಿದೆ. ದೇವರ ಮುಂದೆ ಆಡಿದ ಮಾತು ಮುರಿದು ಆಪರೇಶನ್ ಟೇಬಲ್ ಹತ್ತಿಸಿದರೆ, ಅಲ್ಲಿ ಹೆಚ್ಚುಕಡಿಮೆಯಾದರೆ? ಬೇರೆ ದಾರಿಯಿರಲಿಲ್ಲ. ಇವರ ಮೊಣಕಾಲು ಉಳಿಯಬೇಕಾದರೆ ಕೊರಿಯಾದಲ್ಲಿ ಆ ಹತ್ತನೆಯವರು ಗೆಲ್ಲಬೇಕು. ನಾನು ಟೊಂಕ ಕಟ್ಟಿದೆ.

ಅಲ್ಲಿ ಸಂಜೆಯಾದರೆ ಇಲ್ಲಿ ಮಧ್ಯಾಹ್ನ ಮೂರು. ಊಟದ ಪಾತ್ರೆ ತೊಳೆದು ಹೆಂಗಸರು ಕಾಲು ಚಾಚುವ ಹೊತ್ತು. ಇವರು ತಮ್ಮ ಕಾರ್ಖಾನೆಯ ಹಳೆಯ ಆಟದ ಅಂಗಿ ತೊಟ್ಟು ಫೋನಿನ ಮುಂದೆ ಕೂಡುತ್ತಿದ್ದರು. ಬೇಸ್‌ಬಾಲಿನಲ್ಲಿ ಮ್ಯಾನೇಜರನೂ, ಎಷ್ಟೇ ವಯಸ್ಸಾಗಿರಲಿ, ಹುಡುಗರಂತೆಯೇ ನಂಬರಿನ ಅಂಗಿ ತೊಟ್ಟು ನಿಲ್ಲುತ್ತಾನೆ. ಭಾವನವರ ಅಂಗಿ ಅವರಿಗೆ ಸರಿಹೊಂದುತ್ತಿತ್ತು. ಇವರ ಅಂಗಿಯ ಗುಂಡಿಗಳು ಹೊಟ್ಟೆಯ ಮೇಲೆ ದಂಗೆಯೆದ್ದಿದ್ದವು. ನಾನು ಪಕ್ಕದಲ್ಲಿ ಬತ್ತಿ ಹೊಸೆಯುತ್ತ ಕೂಡುತ್ತಿದ್ದೆ. ಭಾವನವರ ಮುಖ ಬಂದಾಗಲೆಲ್ಲ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದೆ. ಭಾವನ ಮುಂದೆ ಬರಿತಲೆಯಲ್ಲಿ ಕೂಡುವುದುಂಟೆ?

ಒಂದು ದಿನ ಎದುರುಮನೆಯ ಮರಾಠಿ ಕಾಕೂ ಸಕ್ಕರೆ ಕೇಳಲು ಬಂದವರು, ನನ್ನ ಸೆರಗು ನೋಡಿ, ಫೋನು ನೋಡಿ, "ಅಗಬಾಯಿ! ಹೇ ಕೋಣ?" ಎಂದರು, ಅಯ್ಯೋ ಇವರ್ಯಾರು ಎಂದು.

"ಮೋಠೇ ದೀರ," ಎಂದೆ. ಹಿರಿಯ ಭಾವ ಎಂದು.

ಕಾಕೂ ಭಾವನವರ ಸಣ್ಣ ಕಣ್ಣು ನೋಡಿದರು. ನಮ್ಮ ಮನೆಯವರ ದೊಡ್ಡ ಮೂಗು ನೋಡಿದರು. ಗೋಡೆಯ ಮೇಲಿನ ನಮ್ಮ ಮಾವನವರ ಫೋಟೋ ಬಹಳ ಹೊತ್ತು ನೋಡಿದರು. ಸಕ್ಕರೆ ಮರೆತು ಹೋದರು. ಸಂಜೆಯ ಹೊತ್ತಿಗೆ ನಮ್ಮ ಮಾವನವರಿಗೆ ಕೊರಿಯಾದಲ್ಲಿ ಇನ್ನೊಂದು ಸಂಸಾರವಿತ್ತೆಂಬ ಸುದ್ದಿ ಮೂರು ಬಿಲ್ಡಿಂಗುಗಳಲ್ಲಿ ಹಬ್ಬಿತ್ತು! ಮಾವನವರು ಜೀವಮಾನದಲ್ಲಿ ಮಿರಜ್ ದಾಟಿದವರಲ್ಲ. ಮಿರಜಿನಲ್ಲಿಯೂ ಹೋಟೆಲ್ಲಿನ ನೀರು ಕುಡಿದವರಲ್ಲ.

ನಾನು ತಾಯಿಗೆ ಆಟದ ನಿಯಮ ಕಲಿಸಿದೆ. "ತಾಯೀ, ನೀಲಿ ಅಂಗಿಯವರು ನಮ್ಮವರು. ಅವರು ಹೊಡೆದ ಚೆಂಡು ಯಾರ ಕೈಗೂ ಸಿಗಬಾರದು" ಎಂದು ಕುಂಕುಮಾರ್ಚನೆ ಮಾಡುವಾಗ ಹೇಳುತ್ತಿದ್ದೆ. ಚೆಂಡು ಎಸೆಯುವ ಹುಡುಗನ ಭುಜ ನೋಯುತ್ತದೆ ಎಂದರೆ ಅವನ ಹೆಸರಲ್ಲಿ ಎಳ್ಳೆಣ್ಣೆ ದೀಪ. ಸೋಮವಾರ ಕೊರಿಯಾದಲ್ಲಿ ಆಟವಿಲ್ಲ. ಶಿವನ ವಾರ ಸೋಲಿಲ್ಲದೆ ಹೋಗುತ್ತಿತ್ತು, ಅದೊಂದು ಪುಣ್ಯ. ಉಳಿದ ದಿನ ಸೋಲು, ಸೋಲು, ಮತ್ತೂ ಸೋಲು! ಗೆಲ್ಲುವಂತೆ ಆಡಿ ಕೊನೆಗೆ ಸೋಲುವುದು, ಸೋಲುವಂತೆ ಆಡಿ ಮೊದಲೇ ಸೋಲುವುದು, ಮಳೆ ಬಂದು ಆಟ ನಿಂತರೆ ಮರುದಿನ ಎರಡು ಆಟ ಆಡಿ ಎರಡನ್ನೂ ಸೋಲುವುದು. ಸೋತ ದಿನ ಇವರು ಸಂಜೆ ಊಟ ಮಾಡುತ್ತಿರಲಿಲ್ಲ. ಹೀಗೆ ಉಪವಾಸವಿದ್ದು ಇದ್ದು ಇವರ ಸಕ್ಕರೆ ಕಾಯಿಲೆ ಹತೋಟಿಗೆ ಬಂತು! "ಯಾವ ಪಥ್ಯ ಮಾಡಿಸಿದಿರಿ?" ಎಂದು ಡಾಕ್ಟರ್ ನನ್ನನ್ನೇ ಹೊಗಳಿದರು. ಕೊರಿಯಾದ ಪಥ್ಯ ಎಂದು ಹೇಗೆ ಹೇಳಲಿ?

ಒಂದು ವರ್ಷ ಹೋಯಿತು. ಟೀಮು ಹತ್ತನೆಯದು. ಇವರ ಕೈಗೆ ಕೋಲು ಬಂತು. ಎರಡನೆಯ ವರ್ಷ ಶುರುವಾಯಿತು. ಯುಗಾದಿಗೆ ಒಂಬತ್ತನೆಯ ಸ್ಥಾನಕ್ಕೆ ಏರಿದರು, ನಾನು ಹೋಳಿಗೆ ಮಾಡಿದೆ. ಹೋಳಿಗೆ ಆರುವ ಮೊದಲೇ ಇಳಿದರು.

ಆಷಾಢದಲ್ಲಿ ಇವರು ಬಚ್ಚಲಲ್ಲಿ ಬಿದ್ದರು. ಬಾಗಿಲ ಚಿಲಕ ಹಾಕಿರಲಿಲ್ಲ, ಅದೊಂದು ಪುಣ್ಯ. ಎಲುಬು ಮುರಿಯಲಿಲ್ಲ, ಅದೊಂದು. ಹೀಗೆ ಎಣಿಸುತ್ತ ಎಣಿಸುತ್ತಲೇ ಎಬ್ಬಿಸಲು ನೋಡಿದೆ. ಆಗಲಿಲ್ಲ. ಎದುರುಮನೆಯ ಕಾಕೂ ಬಂದು ಒಂದು ರಟ್ಟೆ ಹಿಡಿದರು. ಇವರು ಕಾಕೂ ಮುಖ ನೋಡದೆ ಗೋಡೆ ನೋಡುತ್ತಿದ್ದರು. ಇಷ್ಟು ವರ್ಷ ಎಲ್ಲರನ್ನೂ ನಗಿಸಿದ ಮನುಷ್ಯ. ಅವತ್ತು ಸೊಸೈಟಿಯಲ್ಲಿ ಕಾಕೂ ಯಾರಿಗೂ ಏನೂ ಹೇಳಲಿಲ್ಲ. ಅವರ ಬಾಯಿಗೂ ದಯೆಯಿದೆ ಎಂದು ಅಂದೇ ನನಗೆ ತಿಳಿದದ್ದು.

ಮುಂದಿನ ಬುಧವಾರ, ಮಧ್ಯಾಹ್ನ ಮೂರು. ಫೋನಿನಲ್ಲಿ ಆಟ ಬರುವ ಜಾಗದಲ್ಲಿ ಭಾವನವರೊಬ್ಬರೇ ನಿಂತಿದ್ದರು. ನಂಬರಿನ ಅಂಗಿ ಇರಲಿಲ್ಲ, ಕರಿ ಕೋಟು. ನಾನು ಸೆರಗು ಎಳೆದುಕೊಂಡೆ. ಅವರು ಏನೋ ಎರಡು ಮಾತು ಹೇಳಿ, ಟೊಪ್ಪಿಗೆ ತೆಗೆದು, ಸೊಂಟ ಬಗ್ಗಿಸಿ ಬಹಳ ಹೊತ್ತು ನಮಸ್ಕರಿಸಿದರು. ತಲೆಯ ಕೂದಲೆಲ್ಲ ಬಿಳಿ. ಫೋನಿನಲ್ಲಿ ಹಿಂದಿನಿಂದ ಯಾರೋ ಅಳುವುದು ಕೇಳಿಸಿತು.

"ಏನಾತ್ರಿ?"

"ತಗದ್ರು."

"ಯಾರನ್ನ?"

"ಅಣ್ಣಾನ್ನ. ಮ್ಯಾನೇಜರ್‌ಕಿಯಿಂದ ತಗದ್ರು." ಇವರು ಫೋನು ಬೋರಲು ಹಾಕಿದರು. ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅಂಗಿಯನ್ನು ಮಡಿಚಿ, ಮಡಿಲಲ್ಲಿ ಇಟ್ಟುಕೊಂಡು ಕೂತರು.

ಇನ್ನು ಕಪ್ಪೂ ಇಲ್ಲ, ಮರುದಿವಸವೂ ಇಲ್ಲ. ಭಾವನವರಿಗೆ ಟೀಮೇ ಇಲ್ಲವೆಂದ ಮೇಲೆ ಗೆಲ್ಲುವವರಾರು? ನಾನು ದೇವರ ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ. ತಾಯಿಯೊಡನೆ ಜಗಳವಾಡಿದ್ದು ಅದೇ ಮೊದಲು. "ಬಲಗಡಿ ಯಾಕ ಕೊಟ್ಟಿ? ಎಡಗಡಿ ಕೊಟ್ಟಿದ್ರ ಅವತ್ತ ಕಾಲ ಹಿಡದ ಬಿಡಿಸ್ಕೋತಿದ್ನೆಲ್ಲ! ಎರಡ ವರ್ಷ ಇವರನ್ನ ಗ್ವಾಡಿ ಹಿಡಿಸಿ ನಡಸಿದಿ. ಇನ್ನ ಏನ ಮಾಡ್ಲಿ ಹೇಳು" ಎಂದೆ. ಅತ್ತು ಅತ್ತು ಸಾಕಾಗಿ, ತಪ್ಪುಗಾಣಿಕೆ ಒಂದೇ ದಾರಿ ಎಂದು ಹೊಳೆಯಿತು. ಹರಕೆ ತಪ್ಪಿದವರು ನಾಣ್ಯವನ್ನು ಅರಿಶಿಣದ ಬಟ್ಟೆಯಲ್ಲಿ ಕಟ್ಟಿ ದೇವರ ಮುಂದಿಟ್ಟು, ತಪ್ಪಾಯಿತು ಎಂದು ಕೇಳಿಕೊಳ್ಳುವುದು ಹಿಂದಿನಿಂದ ಬಂದದ್ದು. ಮರುದಿನ ಸ್ನಾನವಾದ ಮೇಲೆ ಗಂಟು ಕಟ್ಟಿ ತಂದು ಇವರ ಮುಂದೆ ಹಿಡಿದೆ.

"ಇದನ್ನ ಮುಟ್ಟಿ ಕೊಡ್ರಿ. ಮಾತು ಮುರಿದ ಪಾಪ ನನಗಿರಲಿ ಅಂತ ಕೇಳ್ಕೋತೀನಿ. ನೀವು ಆಸ್ಪತ್ರಿಗೆ ಬರ್ರಿ."

ಇವರು ಮುಟ್ಟಲಿಲ್ಲ.

"ನಿನಗ್ಯಾಕ ಪಾಪ? ನನಗ ಗೊತ್ತಿತ್ತಲ್ಲ, ಅವರು ಗೆಲ್ಲೂದಿಲ್ಲಂತ."

"ಗೊತ್ತಿತ್ತು?"

"ಆ ಟೀಮು ಗೆಲ್ಲೂದಿಲ್ಲಂತ ಕೊರಿಯಾದಾಗ ಕೂಸಿಗೂ ಗೊತ್ತು."

"ಮತ್ತ ತಾಯಿ ಮುಂದ ಹಂಗ್ಯಾಕ ಅಂದ್ರಿ?" ನನ್ನ ದನಿ ಏರಿತು. "ನಾ ಇಲ್ಲೆ ಎಳ್ಳೆಣ್ಣಿ ದೀ‍ಪ ಹಚ್ಚಿ ಹಚ್ಚಿ ಸಾಯ್ಲಿಕತ್ತೀನಿ!"

ಇವರು ನಿನ್ನೆ ಮಡಚಿಟ್ಟ ಅಂಗಿಯ ಅಂಚು ತೀಡುತ್ತ ಕೂತರು.

"ಡಾಕ್ಟರ್ ಅವತ್ತ ಇನ್ನೊಂದ ಮಾತ ಹೇಳಿದ್ರು. ನೀ ಔಷಧಿ ತರ್ಲಿಕ್ಕೆ ಹೊರಗ ಹೋಗಿದ್ದಿ. ಹೊಸಾ ಮೊಣಕಾಲ ಹಾಕಿದ ಮ್ಯಾಲೆ ನಡೀಬಹುದಂತ, ಮೆಟ್ಟಲಾ ಹತ್ತಬಹುದಂತ. ಕುಕ್ಕರಗಾಲಿಲೆ ಮಾತ್ರ ಕೂಡೂ ಹಂಗಿಲ್ಲಂತ. ಜೀವಾ ಇರೂತನಕ."

"ಈಗರೆ ಎಲ್ಲೆ ಕೂಡ್ತೀರ್ರೀ ನೀವು?"

"ಈಗ ಕೂಡ್ಲಿಕ್ಕೆ ಆಗೂದಿಲ್ಲ. ಆಮ್ಯಾಲೆ ಕೂಡೂ ಹಂಗಿಲ್ಲ. ಎರಡಕ್ಕೂ ಭಾಳ ಫರಕ ಅದ." ಅಂಗಿಯನ್ನು ಪಕ್ಕಕ್ಕಿಟ್ಟು ಹೇಳಿದರು, "ನನಗ ಬ್ಯಾರೆ ಏನೂ ಬರ್ತಿದ್ದಿಲ್ಲಲ್ಲ. ಕೂಡೂದೊಂದ ಬರ್ತಿತ್ತು."

ನನಗೆ ಬೈಯಬೇಕೆನಿಸಿತು. ಎರಡು ವರ್ಷದ ಬೈಗುಳ ಬಾಯಿಗೆ ಬಂದಿತ್ತು. ಇವರ ಮುಖ ನೋಡಿದರೆ ಹೊರಡಲಿಲ್ಲ. ಗಂಟನ್ನು ನಾನೇ ಒಯ್ದು ತಾಯಿಯ ಮುಂದಿಟ್ಟು, ಯಾರ ತಪ್ಪೆಂದು ಹೇಳದೆ, ತಪ್ಪಾಯಿತು ಎಂದಷ್ಟೇ ಹೇಳಿ ಬಂದೆ.

"ಏಳ್ರಿ," ಎಂದೆ. "ಆ ಗ್ಲೌಸು ಎಲ್ಲೆ ಅದ?"

ಮಧ್ಯಾಹ್ನ ನಮ್ಮ ಸೊಸೈಟಿಯ ಪಾರ್ಕಿಂಗ್ ಖಾಲಿ ಇರುತ್ತದೆ. ಲಿಫ್ಟಿನಿಂದ ಇಳಿದು, ಇವರು ಒಂದು ಕಂಬಕ್ಕೆ ಬೆನ್ನು ಕೊಟ್ಟರು. ಕಂಬವನ್ನೇ ಹಿಡಿದು ಜಾರುತ್ತ ಜಾರುತ್ತ ಕೆಳಗೆ ಇಳಿದರು. ಅರ್ಧಕ್ಕೆ ಮುಖ ಹಿಂಡಿತು. ನಾನು "ಸಾಕ್ರಿ" ಎನ್ನಬೇಕೆಂದವಳು ಚೆಂಡನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕೂತರು. ಹಿಮ್ಮಡಿ ಒಂದು ರೀತಿ, ಮೊಣಕಾಲು ಒಂದು ರೀತಿ. ಗ್ಲೌಸು ಮುಂದೆ ಹಿಡಿದರು. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಇವರ ಆಟ ಒಂದು ದಿನವೂ ನೋಡಿರಲಿಲ್ಲ. ಒಲೆಯ ಮೇಲೆ ಯಾವಾಗಲೂ ಏನಾದರೊಂದು ಇರುತ್ತಿತ್ತು.

"ಹಾಕು."

ನನಗೇನು ಚೆಂಡು ಎಸೆಯಲು ಬರುತ್ತದೆ? ಮೊದಲನೆಯದು ಕಾಕೂ ಅವರ ಸ್ಕೂಟರಿಗೆ ಬಡಿಯಿತು. ಎರಡನೆಯದು ನನ್ನ ಸೆರಗಿನಲ್ಲೇ ಸಿಕ್ಕಿಕೊಂಡಿತು. ಮೂರನೆಯದು ಇವರ ಕಡೆಗೇ ಹೋಯಿತು. ಹಿಡಿದರು. ತೊಗಲಿಗೆ ಚೆಂಡು ಬಡಿದ ಸದ್ದು ಖಾಲಿ ಪಾರ್ಕಿಂಗಿನಲ್ಲಿ ಟಪ್ ಎಂದು ಮೊಳಗಿತು.

ಇವರು ಚೆಂಡನ್ನು ಮರಳಿ ಉರುಳಿಸಿ, ಏಳದೆ ನನ್ನನ್ನೇ ನೋಡುತ್ತ ಕೂತರು.

"ಏನ್ರಿ? ಏಳ್ಲಿಕ್ಕೆ ಆಗವಲ್ತೇನ? ಕಾಕೂನ್ನ ಕರೀಲಿ?"

"ತಡಿ. ಒಂಬತ್ತ ಮಂದಿ ಆಟದಾಗ ಎಂಟ ಮಂದಿ ಮಾರಿ ಈ ಕಡೆ ಇರ್ತದ. ಕ್ಯಾಚರಂದು ಒಬ್ಬಂದ ಆ ಕಡೆ. ಎಲ್ಲಾರ ಮಾರೀನೂ ಅಂವಗ ಕಾಣ್ತಾವ. ಯಾರು ಅಂಜ್ಯಾರ, ಯಾರು ದಣದಾರ, ಎಲ್ಲಾ." ಇವರು ಗ್ಲೌಸು ಕೆಳಗಿಳಿಸಿದರು. "ಇಷ್ಟ ವರ್ಷ ಇಲ್ಲೆ ಕೂತು ಎಲ್ಲಾರ್ನೂ ನೋಡೀನಿ. ನಿನ್ನ ನೋಡಿದ್ದಿಲ್ಲ ನೋಡು."

ನಾನು ಬಗ್ಗಿ ಚೆಂಡು ಎತ್ತಿಕೊಂಡೆ.

"ಭಾಳ ದಣದೀ," ಎಂದರು. "ಸೋಮವಾರ ಡಾಕ್ಟರಗ ಫೋನ ಹಚ್ಚು. ಈಗ ಇನ್ನೊಂದ ಹಾಕು."

ಹಾಕಿದೆ. ಕಣ್ಣು ತುಂಬಿತ್ತು, ಚೆಂಡು ಯಾವ ಕಡೆ ಹೋಯಿತೋ ನನಗೆ ಕಾಣಲಿಲ್ಲ. ಟಪ್ ಎಂದದ್ದು ಕೇಳಿಸಿತು.